ಕೊಳವೆ ಒಡೆಯುವ ಮೊದಲೇ ಪ್ಲಂಬರ್ ಸಿಕ್ಕಿರಬೇಕು

ಪ್ಲಂಬರ್ ಬೇಕೆಂದು ಬಹಳಷ್ಟು ಜನ ಹುಡುಕಲು ಹೊರಡುವುದು ಮನೆಯೊಳಗೆ ನೀರು ಹರಿಯತೊಡಗಿದ ಮೇಲೆ. ಆ ಗಳಿಗೆಯಲ್ಲಿ ಯಾರು ಫೋನ್ ಎತ್ತುತ್ತಾರೋ ಅವರೇ ಪ್ಲಂಬರ್, ಅವರು ಕೇಳಿದ್ದೇ ಕೂಲಿ. ಕೆಲಸ ನೆಟ್ಟಗಾಯಿತೇ ಎಂದು ನೋಡುವ ವ್ಯವಧಾನವೂ ಇರುವುದಿಲ್ಲ. ಒಳ್ಳೆಯ ಪ್ಲಂಬರನ್ನು ಏನೂ ಕೆಡದ ದಿನಗಳಲ್ಲಿ, ಸಣ್ಣಪುಟ್ಟ ಕೆಲಸಗಳ ಮೂಲಕವೇ ಗುರುತಿಸಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಗೆ ನಾನು ಹಾಗೆಯೇ ಒಬ್ಬರನ್ನು ಹುಡುಕಿಕೊಂಡೆ. ವರ್ಷಗಳಿಂದ ಅವರೇ ಬರುತ್ತಿದ್ದಾರೆ.

ನಮ್ಮದು ಹಳೆಯ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಕೆಳಗಿನ ಗೋಡೆಗಳೊಳಗೆ ಇರುವುದು ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಕೊಳವೆ, ಆಮೇಲೆ ಕಟ್ಟಿದ ಮಹಡಿಗೆ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಕೊಳವೆ. ಅಂಗಳದಲ್ಲಿ ಸಂಪು, ತಾರಸಿಯ ಮೇಲೆ ಟ್ಯಾಂಕು. ನಗರಕ್ಕೆ ನೀರೆತ್ತುವ ಹೊಂಗಳ್ಳಿಯಲ್ಲೋ ಬೆಳಗೊಳದಲ್ಲೋ ಮೇಳಾಪುರದಲ್ಲೋ ಪಂಪು ನಿಂತರೆ, ದೊಡ್ಡ ಕೊಳವೆಯ ದುರಸ್ತಿ ನಡೆದರೆ, ಪತ್ರಿಕೆಯ ಮೂಲೆಯಲ್ಲಿ 'ನೀರು ಸರಬರಾಜಿನಲ್ಲಿ ವ್ಯತ್ಯಯ' ಎಂಬ ಪ್ರಕಟಣೆ ಬರುತ್ತದೆ. ನೀರು ನಿಂತದ್ದಕ್ಕಿಂತ ಮತ್ತೆ ಬಂದಾಗಲೇ ನಮಗೆ ತೊಂದರೆ ಹೆಚ್ಚು. ಖಾಲಿ ಕೊಳವೆಗೆ ರಭಸದಿಂದ ನುಗ್ಗುವ ನೀರು ಗಾಳಿಯನ್ನು ತಳ್ಳಿಕೊಂಡು, ಹಳೆಯ ತುಕ್ಕನ್ನು ಎಬ್ಬಿಸಿಕೊಂಡು ಬರುತ್ತದೆ. ಆ ತುಕ್ಕಿನ ಪುಡಿ ಸಂಪು ತುಂಬಿದಾಗ ನೀರು ನಿಲ್ಲಿಸುವ ಫ್ಲೋಟ್ ವಾಲ್ವಿನಲ್ಲಿ, ಫ್ಲಶ್ ಟ್ಯಾಂಕಿನ ಒಳಹರಿವಿನ ಜಾಲರಿಯಲ್ಲಿ, ನಲ್ಲಿಗಳ ವಾಷರಿನಲ್ಲಿ ಕೂತುಬಿಡುತ್ತದೆ. ಇಂಥ ಮನೆಗೆ ವರ್ಷಕ್ಕೊಮ್ಮೆ ಬಂದು ಹೋಗುವ ಅಪರಿಚಿತರಿಂದ ಉಪಯೋಗವಿಲ್ಲ. ಯಾವ ಗೋಡೆಯೊಳಗೆ ಯಾವ ಕೊಳವೆ ಹೋಗಿದೆ ಎಂದು ಬಲ್ಲವರು ಬೇಕು.

ಹುಡುಕಾಟವನ್ನು ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಿಂದ ಆರಂಭಿಸಿದೆ. 'ಒಳ್ಳೆಯ ಪ್ಲಂಬರ್ ಯಾರಿದ್ದಾರೆ?' ಎಂದು ಕೇಳಿದರೆ ಅಂಗಡಿಯವರು ತಮಗೆ ಹೆಚ್ಚು ವ್ಯಾಪಾರ ತರುವವರ ಹೆಸರು ಹೇಳುತ್ತಾರೆ, ಅದು ಸಹಜ. ಹಾಗಾಗಿ ನಾನು ಬೇರೆ ಪ್ರಶ್ನೆ ಕೇಳಿದೆ: 'ಕೊಳವೆ ಜೋಡಿಸುವ ಎಲ್ಬೋ, ಕಪ್ಲಿಂಗ್‌ಗಳಲ್ಲಿ ಉಳಿದದ್ದನ್ನು ಹಿಂದಿರುಗಿಸಿ ಮನೆಯವರ ಲೆಕ್ಕದಿಂದ ಕಳೆಯಿಸುವ ಪ್ಲಂಬರ್ ಯಾರಾದರೂ ಇದ್ದಾರೆಯೇ?' ಅಂಗಡಿಯವರು ಸ್ವಲ್ಪ ಯೋಚಿಸಿ ಎರಡೇ ಹೆಸರು ಹೇಳಿದರು. ಅದೇ ಪ್ರಶ್ನೆಯನ್ನು ಇನ್ನೊಂದು ಅಂಗಡಿಯಲ್ಲಿ ಕೇಳಿದಾಗ ಆ ಎರಡರಲ್ಲಿ ಒಂದು ಹೆಸರು ಮತ್ತೆ ಬಂತು. ಪಕ್ಕದ ಬೀದಿಯಲ್ಲಿ ಅವರು ಸ್ನಾನದ ಮನೆ ಮಾಡಿಕೊಟ್ಟಿದ್ದ ಒಂದು ಮನೆಗೂ ಹೋಗಿ ಬಂದೆ. ಕೆಲಸ ಚೆನ್ನಾಗಿದೆಯೇ ಎಂದು ಅಲ್ಲಿ ಕೇಳಲಿಲ್ಲ. ಕೆಲಸ ಮುಗಿದು ಹಣ ಪಡೆದ ಮೇಲೆ ಏನಾದರೂ ಸೋರಿದಾಗ ಕರೆದರೆ ಬಂದರೇ ಎಂದು ಕೇಳಿದೆ. 'ಬಂದರು, ಕೂಲಿ ಬೇಡವೆಂದರು' ಎಂಬ ಉತ್ತರ ಸಿಕ್ಕಿತು. ನನಗೆ ಅಷ್ಟು ಸಾಕಾಯಿತು.

ಮೊದಲು ಕೊಟ್ಟದ್ದು ತೀರ ಸಣ್ಣ ಕೆಲಸ. ಹಿತ್ತಲಿನ ನಲ್ಲಿಯ ಬಳಿ ಜಿಐ ಕೊಳವೆಯ ತುಂಡು ತುಕ್ಕು ಹಿಡಿದಿತ್ತು, ಅಷ್ಟು ಭಾಗವನ್ನು ಸಿಪಿವಿಸಿಗೆ ಬದಲಾಯಿಸಬೇಕಿತ್ತು. ನಾನು ಪಕ್ಕದಲ್ಲೇ ನಿಂತು ನೋಡಿದೆ. ಬಂದವರು ಚೀಲ ಬಿಚ್ಚುವ ಮೊದಲು 'ಅಮ್ಮ, ಈ ಲೈನಿಗೆ ವಾಲ್ವ್ ಎಲ್ಲಿದೆ?' ಎಂದು ಕೇಳಿದರು. ಕೊಳವೆಯನ್ನು ನೇರವಾಗಿ ಕತ್ತರಿಸಿ, ಅಂಚಿನಲ್ಲಿ ಎದ್ದ ಒರಟು ಸಿಪ್ಪೆಯನ್ನು ಕೆರೆದು ತೆಗೆದರು. ಸಾಲ್ವೆಂಟ್ ಅಂಟನ್ನು ಕೊಳವೆಗೂ ಅದು ಕೂರುವ ಸಾಕೆಟ್ಟಿನ ಒಳಗೂ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ಒತ್ತಿ, ಕೈ ತೆಗೆಯದೆ ಹಾಗೆಯೇ ಹಿಡಿದುಕೊಂಡರು. ಹಳೆಯ ಕಬ್ಬಿಣ, ಹೊಸ ಪ್ಲಾಸ್ಟಿಕ್ ಸೇರುವಲ್ಲಿ ಹಿತ್ತಾಳೆಯ ಮರೆ, ಅಂದರೆ ತಿರುಪಿನ ಸುತ್ತು, ಇರುವ ಅಡಾಪ್ಟರ್ ಹಾಕಿದರು. ಪ್ಲಾಸ್ಟಿಕ್ ಮರೆಯನ್ನು ಕಬ್ಬಿಣಕ್ಕೆ ಬಿಗಿದರೆ ಕೆಲವೇ ತಿಂಗಳಲ್ಲಿ ಬಿರುಕು ಬಿಡುತ್ತದಂತೆ. 'ಇಂದು ಈ ಲೈನಿಗೆ ನೀರು ಬಿಡಬೇಡಿ, ಅಂಟು ಹಿಡಿಯಲಿ' ಎಂದು ಹೇಳಿ ಹೋದರು. ಮರುದಿನ ಬಂದು ನೀರು ಬಿಟ್ಟು, ಜೋಡಣೆಗಳನ್ನು ಬಟ್ಟೆಯಿಂದ ಒರೆಸಿ, ಕೆಳಗೆ ಒಣ ಪತ್ರಿಕೆಯ ಹಾಳೆ ಹಾಸಿ ಕಾದರು. ಒಂದು ಹನಿ ಬಿದ್ದರೂ ಕಾಗದ ಹೇಳಿಬಿಡುತ್ತದೆ. ಆ ಪತ್ರಿಕೆಯ ಹಾಳೆಯನ್ನು ನೋಡಿದಾಗಲೇ ಇವರನ್ನು ಬಿಡಬಾರದು ಎಂದು ನಿಶ್ಚಯಿಸಿದೆ.

ಇದಕ್ಕೂ ಮೊದಲು ಬೇರೊಬ್ಬರು ಗೀಜರಿನಿಂದ ಬರುವ ಬಿಸಿನೀರಿನ ಲೈನಿಗೆ ಯುಪಿವಿಸಿ ಹಾಕಿ ಹೋಗಿದ್ದರು. ಹೊರಗಿನಿಂದ ನೋಡಲು ಅದೂ ಪ್ಲಾಸ್ಟಿಕ್ಕೇ. ಆದರೆ ಯುಪಿವಿಸಿ ಇರುವುದು ತಣ್ಣೀರಿಗೆ, ಸಿಪಿವಿಸಿ 93 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುತ್ತದೆ. ಆ ಕೊಳವೆ ಮೆತ್ತಗಾಗಿ ಜೋತುಬಿದ್ದು ಸೋರಿತು. ಅಂದಿನಿಂದ ಕೊಳವೆ ಮನೆಗೆ ಬಂದ ಕೂಡಲೇ ಅದರ ಮೈಮೇಲೆ ಮುದ್ರಿಸಿರುವುದನ್ನು ಓದುತ್ತೇನೆ. ಭಾರತೀಯ ಮಾನಕದ ಸಂಖ್ಯೆ ಅಲ್ಲಿರುತ್ತದೆ: ಸಿಪಿವಿಸಿಗೆ ಐಎಸ್ 15778, ಯುಪಿವಿಸಿಗೆ ಐಎಸ್ 4985. ಮನೆಯವರು ಇಷ್ಟನ್ನು ಓದಿ ನೋಡುತ್ತಾರೆ ಎಂದು ಗೊತ್ತಾದರೆ ಒಳ್ಳೆಯ ಕೆಲಸಗಾರನಿಗೆ ಬೇಸರವಾಗುವುದಿಲ್ಲ. ನಮ್ಮವರಂತೂ ಸಂತೋಷಪಟ್ಟರು.

ನಂಬಿಕೆ ನಿಜವಾಗಿ ಬೇರುಬಿಟ್ಟದ್ದು ಅಡುಗೆಮನೆಯ ಗೋಡೆ ಒದ್ದೆಯಾದಾಗ. ಅದರ ಮೇಲೆ ಬಾಡಿಗೆಯವರ ಸ್ನಾನದ ಮನೆಯಿದೆ. ನೋಡಲು ಬಂದ ಮತ್ತೊಬ್ಬರು ಮೇಲಿನ ಟೈಲ್ಸನ್ನೆಲ್ಲ ಕಿತ್ತುಹಾಕಬೇಕು ಎಂದು ದೊಡ್ಡ ಮೊತ್ತದ ಅಂದಾಜು ಕೊಟ್ಟಿದ್ದರು. ನಮ್ಮ ಪ್ಲಂಬರ್ ಸುತ್ತಿಗೆಯನ್ನೇ ಎತ್ತಲಿಲ್ಲ. 'ಮೊದಲು ಯಾವ ನೀರು ಎಂದು ತಿಳಿಯಬೇಕು ಅಮ್ಮ, ಆಮೇಲೆ ಒಡೆಯುವ ಮಾತು' ಎಂದರು. ರಾತ್ರಿ ಟ್ಯಾಂಕು ತುಂಬಿಸಿ, ಎಲ್ಲ ನಲ್ಲಿಗಳನ್ನೂ ಮುಚ್ಚಿ, ನೀರಿನ ಮಟ್ಟಕ್ಕೆ ಗುರುತು ಹಾಕಲು ಹೇಳಿದರು. ಬೆಳಗ್ಗೆ ಮಟ್ಟ ಇಳಿದಿದ್ದರೆ, ಮರುರಾತ್ರಿ ಟ್ಯಾಂಕಿನ ಕೆಳಗಿನ ವಾಲ್ವನ್ನೂ ಮುಚ್ಚಿ ಮತ್ತೆ ನೋಡಬೇಕು. ಆಗಲೂ ಇಳಿದರೆ ಟ್ಯಾಂಕಿನದೇ ದೋಷ, ಇಳಿಯದಿದ್ದರೆ ಮನೆಯೊಳಗಿನ ಲೈನಿನದು. ನಮ್ಮಲ್ಲಿ ಮೊದಲ ರಾತ್ರಿಯೇ ಗುರುತು ಅಲುಗಲಿಲ್ಲ. ಅಂದರೆ ಟ್ಯಾಂಕಿನಿಂದ ಬರುವ ಲೈನು ಸರಿಯಿದೆ, ಸೋರುತ್ತಿರುವುದು ಬಳಸಿ ಬಿಟ್ಟ ನೀರು. ಬಾಡಿಗೆಯವರು ಊರಿಗೆ ಹೋಗಿದ್ದಾಗ ನೆಲದ ನೀರು ಇಳಿದು ಹೋಗುವ ನಹಾನಿ ಟ್ರ್ಯಾಪಿಗೆ ಬಟ್ಟೆ ತುರುಕಿ, ಸ್ನಾನದ ಮನೆಯ ನೆಲದ ಮೇಲೆ ನೀರು ನಿಲ್ಲಿಸಿದರು. ಒಂದು ಹಗಲು ಒಂದು ರಾತ್ರಿ ಕಳೆಯುವಷ್ಟರಲ್ಲಿ ಕೆಳಗಿನ ಒದ್ದೆ ಹರಡಿತು. ಟ್ರ್ಯಾಪಿನ ಬಾಯಿ ಮತ್ತು ಟೈಲ್ಸಿನ ನಡುವೆ ಸಂದು ಬಿಟ್ಟಿತ್ತು. ಟ್ರ್ಯಾಪಿನ ಸುತ್ತಲಿನ ನಾಲ್ಕು ಟೈಲ್ಸ್ ಮಾತ್ರ ತೆಗೆದು, ಹೊಸ ಟ್ರ್ಯಾಪ್ ಕೂರಿಸಿ, ನೀರುನಿರೋಧಕ ಹಚ್ಚಿ ಮುಗಿಸಿದರು. ಗೋಡೆ ಒಣಗಲು ಬೇಸಿಗೆಯವರೆಗೆ ಕಾಯಬೇಕಾಯಿತು, ಆದರೆ ಮತ್ತೆ ಒದ್ದೆಯಾಗಲಿಲ್ಲ.

ಆ ಬಾರಿ ಟೈಲ್ಸ್ ತೆಗೆದಾಗ ಕೊಳವೆಗಳು ಕಂಡವಲ್ಲ, ಗೋಡೆಗೆ ಅಳತೆಯ ಟೇಪು ಹಿಡಿದು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡೆ. ನೆಲದಿಂದ ಎಷ್ಟು ಎತ್ತರ, ಬಾಗಿಲಿನಿಂದ ಎಷ್ಟು ದೂರ ಎಂಬುದು ಅದರಲ್ಲಿ ಕಾಣುತ್ತದೆ. ಮನೆಯಲ್ಲಿ ಎಲ್ಲಿ ಗೋಡೆ ತೆರೆದರೂ ಈಗ ಹಾಗೆಯೇ ಮಾಡುತ್ತೇನೆ. ಹೊಸ ಮನೆ ಕಟ್ಟುತ್ತಿರುವವರು ಗಾರೆ ಮುಚ್ಚುವ ಮೊದಲು ಈ ಚಿತ್ರಗಳನ್ನು ತೆಗೆಯದೆ ಇರಲೇಬಾರದು. ಆಮೇಲೆ ಮೊಳೆ ಹೊಡೆಯುವವರೂ ಡ್ರಿಲ್ ಹಿಡಿಯುವವರೂ ಬರುತ್ತಾರೆ.

ತುರ್ತಿನ ಮಾತಿಗೆ ಬರೋಣ. ಎಷ್ಟೇ ಒಳ್ಳೆಯ ಪ್ಲಂಬರ್ ಆದರೂ ಬರಲು ಅರ್ಧ ಗಂಟೆಯೋ ಒಂದು ಗಂಟೆಯೋ ಬೇಕು. ನಮ್ಮವರು ಬರುವುದು ಇಲವಾಲದ ಕಡೆಯಿಂದ, ಬೈಕಿನಲ್ಲಿ. ಅಲ್ಲಿಯವರೆಗೆ ನೀರನ್ನು ತಡೆಯಬೇಕಾದವರು ಮನೆಯವರೇ. ಅದಕ್ಕಾಗಿ ಒಂದು ಭಾನುವಾರ ಅವರನ್ನು ಕೂಲಿ ಕೊಟ್ಟು ಕರೆಸಿ, ಮನೆಯ ಎಲ್ಲ ವಾಲ್ವುಗಳನ್ನೂ ತೋರಿಸಿಕೊಂಡೆ. ಯಾವುದು ಅಡುಗೆಮನೆಗೆ, ಯಾವುದು ಮಹಡಿಗೆ, ಯಾವುದು ಗೀಜರಿಗೆ ಎಂದು ಪ್ರತಿಯೊಂದರ ಪಕ್ಕ ಬಣ್ಣದಲ್ಲಿ ಬರೆದೆ. ಬಾಡಿಗೆಯವರಿಗೂ ತೋರಿಸಿದೆ. ಹಳೆಯ ಗೇಟ್ ವಾಲ್ವುಗಳು ವರ್ಷಗಟ್ಟಲೆ ತಿರುಗಿಸದಿದ್ದರೆ ಹಿಡಿದುಕೊಂಡುಬಿಡುತ್ತವೆ, ಬೇಕಾದ ದಿನ ಅಲುಗುವುದಿಲ್ಲ. ಹಿಡಿದುಕೊಂಡಿದ್ದವನ್ನು ತೆಗೆಸಿ, ಕಾಲು ಸುತ್ತಿಗೇ ಮುಚ್ಚುವ ಬಾಲ್ ವಾಲ್ವ್ ಹಾಕಿಸಿದೆ. ಉಳಿದವನ್ನು ಎರಡು ಮೂರು ತಿಂಗಳಿಗೊಮ್ಮೆ ಮುಚ್ಚಿ ತೆರೆಯುತ್ತೇನೆ.

ಕೊಳವೆ ಒಡೆದರೆ ಮೊದಲು ಮೋಟಾರಿನ ಸ್ವಿಚ್ಚು, ಆಮೇಲೆ ಟ್ಯಾಂಕಿನ ಕೆಳಗಿನ ವಾಲ್ವು. ಕೊಳವೆಯಲ್ಲಿ ಉಳಿದ ನೀರು ಇಳಿಯಲು ಅತ್ಯಂತ ಕೆಳಗಿನ ನಲ್ಲಿಯನ್ನು ತೆರೆದಿಡುವುದು. ಸೋರುತ್ತಿರುವುದು ಗೀಜರಾದರೆ ಅದರ ಎಂಸಿಬಿ, ಅಂದರೆ ವಿದ್ಯುತ್ ಕಡಿಯುವ ಸ್ವಿಚ್ಚು, ಇಳಿಸದೆ ಹತ್ತಿರ ಹೋಗಬಾರದು, ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತು ಅದನ್ನು ಮುಟ್ಟಲೂಬಾರದು. ಆಮೇಲೆ ಫೋನ್. 'ನೀರು ಸೋರುತ್ತಿದೆ, ಬೇಗ ಬನ್ನಿ' ಎಂದರೆ ಪ್ಲಂಬರಿಗೆ ಏನೂ ತಿಳಿಯುವುದಿಲ್ಲ. ಶುದ್ಧ ನೀರೋ ಕೊಳೆ ನೀರೋ, ವಾಲ್ವು ಮುಚ್ಚಿದ ಮೇಲೆ ನಿಂತಿತೇ ಇಲ್ಲವೇ, ಕೊಳವೆ ಕಬ್ಬಿಣದ್ದೋ ಪ್ಲಾಸ್ಟಿಕ್ಕಿನದೋ, ಅರ್ಧ ಇಂಚೋ ಮುಕ್ಕಾಲು ಇಂಚೋ ಎಂದು ಹೇಳಿ, ಒಂದು ಚಿತ್ರ ಕಳಿಸುತ್ತೇನೆ. ಅವರು ದಾರಿಯಲ್ಲೇ ಸಾಮಾನು ತೆಗೆದುಕೊಂಡು ಬರುತ್ತಾರೆ. ಇಲ್ಲವಾದರೆ ಬಂದು ನೋಡಿ ಮತ್ತೆ ಅಂಗಡಿಗೆ ಹೋಗಬೇಕು, ರಾತ್ರಿಯಾಗಿದ್ದರೆ ಅಂಗಡಿಯೂ ಇರುವುದಿಲ್ಲ.

ಒಂದು ಕೆಲಸವನ್ನು ಮಾತ್ರ ಅವರು ಮಾಡುವುದಿಲ್ಲ, ನಾನೂ ಕೇಳುವುದಿಲ್ಲ. ಒಳಚರಂಡಿಯ ಗುಂಡಿಗೆ ಇಳಿಯುವುದು. ಮನೆಯ ಚೇಂಬರಿನ ಮುಚ್ಚಳ ತೆಗೆದು ಮೇಲಿನಿಂದಲೇ ಸರಳು ಹಾಕಿ ಕಸ ಬಿಡಿಸುತ್ತಾರೆ, ಅಷ್ಟೇ. ರಸ್ತೆಯ ಮ್ಯಾನ್‌ಹೋಲ್ ಕಟ್ಟಿಕೊಂಡಿದ್ದರೆ ಅದು ಪಾಲಿಕೆಯ ಕೆಲಸ, ಯಂತ್ರ ತರಿಸಿ ಮಾಡಬೇಕಾದದ್ದು. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಮಲಗುಂಡಿಗೆ, ಒಳಚರಂಡಿಗೆ ಇಳಿಸುವುದನ್ನು, ಕೈಯಿಂದ ಮಲ ಬಾಚುವ ಪದ್ಧತಿಯ ವಿರುದ್ಧದ 2013ರ ಕಾಯಿದೆ ನಿಷೇಧಿಸಿದೆ. ಆ ಗಾಳಿಯಲ್ಲಿ ಪ್ರಾಣ ಹೋಗಲು ಹೆಚ್ಚು ಹೊತ್ತು ಬೇಕಿಲ್ಲ. 'ಐನೂರು ಹೆಚ್ಚು ಕೊಡುತ್ತೇವೆ, ಒಮ್ಮೆ ಇಳಿದುಬಿಡಪ್ಪ' ಎಂದು ಕೇಳುವ ಮನೆಗಳು ನಮ್ಮ ಸುತ್ತಮುತ್ತ ಈಗಲೂ ಇವೆ. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಎದುರಿಗೇ ಹೇಳುತ್ತೇನೆ. ಸಂಪಿನ ವಿಷಯದಲ್ಲೂ ಎಚ್ಚರ ಬೇಕು. ತಿಂಗಳುಗಟ್ಟಲೆ ಮುಚ್ಚಿದ್ದ ಸಂಪಿನ ಮುಚ್ಚಳ ತೆಗೆದ ಕೂಡಲೇ ಯಾರೂ ಇಳಿಯಬಾರದು, ಇಳಿದಾಗ ಮೇಲೊಬ್ಬರು ನಿಂತಿರಲೇಬೇಕು.

ಹಣದ ವಿಷಯ ಸರಳ. ಸಾಮಾನಿನ ಬಿಲ್ ಬೇರೆ, ಕೂಲಿ ಬೇರೆ. ಕೂಲಿಯನ್ನು ಕೆಲಸ ನೋಡಿದ ಮೇಲೆ, ಆರಂಭಿಸುವ ಮೊದಲು ಮಾತಾಡಿಕೊಳ್ಳುತ್ತೇವೆ. ಬಂದು ನೋಡಿ 'ಇದಕ್ಕೆ ಏನೂ ಮಾಡಬೇಕಿಲ್ಲ' ಎಂದು ಹೇಳಿ ಹೋದರೂ ಕೊಡುತ್ತೇನೆ. ಆ ಮಾತಿಗೆ ಕೂಲಿ ಸಿಗುತ್ತದೆ ಎಂಬ ಭರವಸೆಯಿದ್ದರೆ ಮಾತ್ರ ಅದನ್ನು ಧೈರ್ಯವಾಗಿ ಹೇಳಲು ಸಾಧ್ಯ. ಮುಗಿದ ದಿನವೇ ಪೂರ್ತಿ ಹಣ ಪಾವತಿ, ಬಾಡಿಗೆ ಬಂದ ಮೇಲೆ ಎಂದು ಮುಂದೂಡುವುದಿಲ್ಲ. ರಾತ್ರಿ ಹತ್ತಕ್ಕೆ ಕರೆದಾಗ ಚೌಕಾಸಿ ಮಾಡುವುದಿಲ್ಲ. ತೆಗೆದ ಹಳೆಯ ಭಾಗಗಳನ್ನು ತೋರಿಸುತ್ತಾರೆ, ಏಕೆ ಕೆಟ್ಟಿತು ಎಂದು ವಿವರಿಸುತ್ತಾರೆ.

ಅವರ ಹಬ್ಬಗಳನ್ನೂ ನಾವು ತಿಳಿದಿರಬೇಕು. ಯುಗಾದಿಯ ಮರುದಿನ ಹೊಸತೊಡಕು, ಅಂದು ನಮ್ಮ ಸೀಮೆಯಲ್ಲಿ ಯಾರೂ ಕೆಲಸಕ್ಕೆ ಬರುವುದಿಲ್ಲ. ಆಯುಧಪೂಜೆಗೆ ಪೈಪ್ ರೆಂಚು, ಡೈ, ಗರಗಸವೆಲ್ಲ ಅವರ ಮನೆಯ ಪೂಜೆಯಲ್ಲಿರುತ್ತವೆ. ಅದೇ ಹೊತ್ತಿಗೆ ಮೈಸೂರಿನ ಮನೆಮನೆಯೂ ಜಂಬೂಸವಾರಿ ನೋಡಲು ಬಂದ ನೆಂಟರಿಂದ ತುಂಬಿ, ನಲ್ಲಿ, ಫ್ಲಶ್, ಗೀಜರುಗಳ ಮೇಲೆ ಹೊರೆ ಬೀಳುತ್ತದೆ. ಅದಕ್ಕೆ ಮಹಾಲಯ ಅಮಾವಾಸ್ಯೆಗೆ ಮೊದಲೇ ಅವರನ್ನು ಕರೆಸಿ ಫ್ಲೋಟ್ ವಾಲ್ವು, ವಾಷರುಗಳು, ಗೀಜರಿನ ಸುರಕ್ಷತಾ ವಾಲ್ವು ಎಲ್ಲವನ್ನೂ ನೋಡಿಸಿಬಿಡುತ್ತೇನೆ. ಅವರು ಸಿಗದ ದಿನಕ್ಕೆಂದು ಅವರೇ ಕೆಲಸ ಕಲಿಸಿದ ತಂಗಿಯ ಮಗನ ನಂಬರೂ ನನ್ನಲ್ಲಿದೆ. ಆ ಹುಡುಗನಿಗೂ ನಮ್ಮ ಮನೆಯ ವಾಲ್ವುಗಳು ಗೊತ್ತು.

ಕೆಳಗಿನ ಮನೆಯ ಜಿಐ ಲೈನನ್ನು ಒಮ್ಮೆಗೇ ಕೀಳಿಸುವುದು ಬೇಡ, ಭಾಗ ಭಾಗವಾಗಿ ಬದಲಾಯಿಸೋಣ ಎಂದು ಹೇಳಿದವರು ಅವರೇ. ಸ್ನಾನದ ಮನೆಯದು ಮುಗಿದಿದೆ. ದೀಪಾವಳಿ ಕಳೆದ ಮೇಲೆ ಅಡುಗೆಮನೆಯದನ್ನು ಎತ್ತಿಕೊಳ್ಳುತ್ತೇವೆ. ಈ ಬಾರಿ ಕೊಳವೆಗಳನ್ನು ಗೋಡೆಯೊಳಗೆ ಹೂಳದೆ ಹೊರಗೇ ಬಿಡುವುದೆಂದು ಇಬ್ಬರೂ ಒಪ್ಪಿದ್ದೇವೆ.