ಚೀಲಕ್ಕೆ ಕೈ ಹಾಕದೆ ರೈಲು ಕೊಂಡಿದ್ದು

ದಾವಣಗೆರೆ ಎಪಿಎಂಸಿಯ ಒಂದು ದಲಾಲಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಮೆಕ್ಕೆಜೋಳದ ಟೆಂಡರ್ ಈಗ ಕಂಪ್ಯೂಟರ್‌ನಲ್ಲೇ ನಡೆಯುತ್ತದೆ. ಆದರೂ ಯಾವ ವರ್ತಕನೂ ರಾಶಿಗೆ ಕೈ ಹಾಕದೆ ದರ ಬರೆಯುವುದಿಲ್ಲ. ಒಂದು ಹಿಡಿ ತೆಗೆದು, ಕಾಳು ಹಲ್ಲಿಗೆ ಕಚ್ಚಿ, ತೇವ ಎಷ್ಟಿದೆ ಅಂತ ನೋಡುತ್ತಾರೆ. ಮಾದರಿ ರೈಲುಗಳನ್ನು ವಿದೇಶದ ಆನ್‌ಲೈನ್ ಹರಾಜಿನಲ್ಲಿ ಕೊಳ್ಳಲು ಶುರು ಮಾಡಿದಾಗ ನನ್ನನ್ನು ಜಾಸ್ತಿ ಕಾಡಿದ್ದು ಇದೇ. ಅಲ್ಲಿ ಕೈ ಹಾಕಿ ನೋಡುವ ಹಾಗಿಲ್ಲ. ಅಂಗಡಿಯ ಹಿರಿಯ ಹಮಾಲರೊಬ್ಬರು, "ಮುಟ್ಟದ ಮಾಲಿಗೆ ದುಡ್ಡು ಕಟ್ತೀಯಲ್ಲೋ ತಮ್ಮಾ" ಅಂದಿದ್ದರು. ಅವರು ಹೇಳಿದ್ದು ಸರಿಯಾಗಿತ್ತು. ಅದು ಗೊತ್ತಾಗುವಷ್ಟರಲ್ಲಿ ಒಂದು ಇಂಜಿನ್ ಕೈಬಿಟ್ಟಿತ್ತು.

ರೈಲಿನ ಹುಚ್ಚು ಹತ್ತಿದ್ದು ಚಿಕ್ಕಜಾಜೂರಿನಲ್ಲಿ. ಅಲ್ಲಿ ನಮ್ಮ ಅಜ್ಜಿಯ ಮನೆ. ಚಿತ್ರದುರ್ಗದ ಕಡೆ ಲೈನ್ ಒಡೆಯುವ ಜಂಕ್ಷನ್ ಅದು. ಹಳಿಗಳ ನಡುವೆ ಒಂದು ಮೀಟರ್ ಅಂತರವಿದ್ದ ಮೀಟರ್ ಗೇಜ್ ಕಾಲದ ಉಗಿ ಇಂಜಿನ್ ನೀರು ಕುಡಿಯುವುದನ್ನು ನೋಡಲು ನಾನು ಬಿಸಿಲಲ್ಲೇ ನಿಂತಿರುತ್ತಿದ್ದೆ. ಮುಂದೆ ದಾವಣಗೆರೆಯಲ್ಲಿ ಒಬ್ಬ ಹಿರಿಯರ ಮನೆಯ ಗಾಜಿನ ಕಪಾಟಿನಲ್ಲಿ ಹಾರ್ನ್‌ಬಿ ಡಬ್ಲೋ ಅನ್ನುವ ಇಂಗ್ಲೆಂಡಿನ ಆಟಿಕೆ ರೈಲಿನ ಒಂದು ಪುಟ್ಟ ಟ್ಯಾಂಕ್ ಇಂಜಿನ್ (ನೀರನ್ನು ತನ್ನ ಮೈಮೇಲೇ ಹೊತ್ತ ಉಗಿ ಇಂಜಿನ್) ಕಂಡೆ. ಕೈಗೆ ಕೊಟ್ಟರು. ಅಂಗೈಯಷ್ಟಿದ್ದರೂ ಕಲ್ಲಿನ ಹಾಗೆ ಭಾರ. ಆ ಭಾರ ನನಗೆ ಈಗಲೂ ನೆನಪಿದೆ.

ಹಾರ್ನ್‌ಬಿ ಡಬ್ಲೋ ಶುರುವಾಗಿದ್ದು 1938ರಲ್ಲಿ, ಲಿವರ್‌ಪೂಲ್‌ನ ಮೆಕ್ಯಾನೊ ಕಂಪನಿಯಿಂದ. ಹೊರಗಿನ ಎರಡು ಹಳಿಗಳ ನಡುವಿನ ಅಂತರ 16.5 ಮಿ.ಮೀ. 1959ರವರೆಗೆ ಇವು ಮೂರು ಹಳಿಯವು. ನಡುವಿನ ಹಳಿಯಿಂದ ಇಂಜಿನ್ ಕರೆಂಟ್ ತೆಗೆದುಕೊಳ್ಳುತ್ತದೆ. ಆಮೇಲೆ ಎರಡು ಹಳಿಯವು ಬಂದವು. 1964ರಲ್ಲಿ ಕಂಪನಿಯೇ ಬೇರೆಯವರ ಕೈ ಸೇರಿತು. ನಾನು ಕೂಡಿಸುವುದು ಮೂರು ಹಳಿಯವನ್ನು ಮಾತ್ರ. ಎಲ್ಲವನ್ನೂ ಆಸೆಪಟ್ಟರೆ ಒಂದರ ಬಗ್ಗೆಯೂ ಸರಿಯಾಗಿ ತಿಳಿಯುವುದಿಲ್ಲ, ಅಲ್ವಾ?

ಇಂಗ್ಲೆಂಡಿನಲ್ಲಿ ಹಳೆಯ ಆಟಿಕೆಗಳಿಗೇ ಅಂತ ಹರಾಜು ಮನೆಗಳಿವೆ. ವೆಕ್ಟಿಸ್, ಸ್ಪೆಷಲ್ ಆಕ್ಷನ್ ಸರ್ವಿಸಸ್ ಅಂಥವು. ಅಲ್ಲಿ ಬೆಳಿಗ್ಗೆ 10 ಗಂಟೆಗೆ ಸವಾಲು ಶುರುವಾದರೆ ನಮಗೆ ಚಳಿಗಾಲದಲ್ಲಿ ಮಧ್ಯಾಹ್ನ 3:30, ಬೇಸಿಗೆಯಲ್ಲಿ 2:30. ಮಂಡಿ ಕೆಲಸದವನಿಗೆ ಆ ಹೊತ್ತು ಅನುಕೂಲವೇ.

ನನ್ನ ಮೊದಲ ಖರೀದಿ ಎರಡನೇ ಮಹಾಯುದ್ಧಕ್ಕಿಂತ ಮುಂಚಿನ ಒಂದು ಇಂಜಿನ್. ಹರಾಜು ಮನೆಯವರು ಹಾಕಿದ್ದು ಎರಡೇ ಫೋಟೊ, ಎರಡೂ ಒಂದೇ ಮಗ್ಗುಲಿನವು. ಬಣ್ಣ ಚೆನ್ನಾಗಿತ್ತು, ದರವೂ ಕಡಿಮೆ. ನಾನು ಏನನ್ನೂ ಕೇಳಲಿಲ್ಲ. ಪೆಟ್ಟಿಗೆ ಬಿಚ್ಚಿದಾಗ ಇಂಜಿನ್ನಿನ ಅಡಿಯ ಚೌಕಟ್ಟು ಮೂರು ತುಂಡು. ದಾರಿಯಲ್ಲಿ ಒಡೆದಿದ್ದು ಅಂದುಕೊಂಡೆ. ಬೆರಳಲ್ಲಿ ಒತ್ತಿದರೆ ಒಣಗಿದ ಬೆಲ್ಲದ ಹಾಗೆ ಪುಡಿಯಾಯಿತು. ಅದು ಸತುವಿನ ರೋಗ. ಆ ಕಾಲದ ಸತುವಿನ ಎರಕಕ್ಕೆ ಸ್ವಲ್ಪ ಸೀಸ ಬೆರೆತುಬಿಟ್ಟಿದ್ದರೂ ಸಾಕು, ವರ್ಷಗಳು ಕಳೆದಂತೆ ಲೋಹ ಒಳಗಿನಿಂದಲೇ ಉಬ್ಬುತ್ತದೆ, ಬಾಗುತ್ತದೆ, ಬಿರುಕು ಬಿಡುತ್ತದೆ. ಸೆಕೆ ಮತ್ತು ತೇವದಲ್ಲಿ ಇನ್ನೂ ಬೇಗ. ಅದಕ್ಕೆ ಔಷಧಿಯಿಲ್ಲ. ಇದ್ದದ್ದು ಇದ್ದ ಹಾಗೆ ಮಾರಾಟ ಅಂತ ಷರತ್ತಿನಲ್ಲೇ ಬರೆದಿತ್ತು, ಹಾಗಾಗಿ ದುಡ್ಡು ವಾಪಸ್ ಬರಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ.

ಆವತ್ತಿಂದ ನಾನು ಕೈಯ ಬದಲು ಕಣ್ಣಿನಿಂದ ಚೀಲ ನೋಡುವುದನ್ನು ಕಲಿತೆ. ಕ್ಯಾಟಲಾಗ್ ಬಂದ ದಿನವೇ ಮೇಲ್ ಬರೆಯುತ್ತೇನೆ. ಎರಡೂ ಮಗ್ಗುಲಿನ ಫೋಟೊ ಬೇಕು, ಅಡಿಭಾಗದ್ದೂ ಬೇಕು, ಚಕ್ರಗಳದ್ದು ಹತ್ತಿರದಿಂದ ತೆಗೆದದ್ದು ಬೇಕು. ಇವುಗಳ ಜೊತೆ ಇನ್ನೊಂದು ಮಾತು ಬರೆಯುತ್ತೇನೆ: ಇಂಜಿನ್ನಿನ ಪಕ್ಕಕ್ಕೆ ಒಂದು ಸ್ಟೀಲ್ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಲೋಹ ಉಬ್ಬಿದ್ದರೆ ಅಥವಾ ಬಾಗಿದ್ದರೆ ಸ್ಕೇಲಿಗೂ ಅದಕ್ಕೂ ನಡುವೆ ಸಂದು ಕಾಣುತ್ತದೆ. ನನ್ನ ಮಟ್ಟಿಗೆ ರಾಶಿಗೆ ಕೈ ಹಾಕಿದಷ್ಟೇ ಗಟ್ಟಿ ಪರೀಕ್ಷೆ ಇದು. ಒಳ್ಳೆಯ ಹರಾಜು ಮನೆಯವರು ಬೇಜಾರಿಲ್ಲದೆ ಫೋಟೊ ಕಳಿಸುತ್ತಾರೆ.

ಡಬ್ಬದ ಬಗ್ಗೆಯೂ ಕೇಳುತ್ತೇನೆ. ಹಳೆಯ ಡಬ್ಬ ಇದ್ದರೆ ಬೆಲೆ ಏರುತ್ತದೆ, ಆದ್ದರಿಂದ ಹೊಸದಾಗಿ ಅಚ್ಚು ಮಾಡಿದ ನಕಲಿ ಡಬ್ಬಗಳೂ ಓಡಾಡುತ್ತವೆ. ವಿವರಣೆಯಲ್ಲಿ ಇಂಜಿನ್ನಿಗೆ ಒಂದು ದರ್ಜೆ, ಡಬ್ಬಕ್ಕೆ ಇನ್ನೊಂದು ದರ್ಜೆ ಇರುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಓದಬೇಕು. ಇಂಜಿನ್ನಿಗೆ ಆಮೇಲೆ ಯಾರಾದರೂ ಹೊಸ ಬಣ್ಣ ಬಳಿದಿದ್ದಾರಾ ಅಂತಲೂ ನೇರವಾಗಿ ಕೇಳಬೇಕು. ಕೇಳಿದ್ದಕ್ಕೆ ಬರವಣಿಗೆಯಲ್ಲಿ ಉತ್ತರ ಬಂದರೆ ಅದನ್ನು ಜೋಪಾನ ಮಾಡುತ್ತೇನೆ.

ಇನ್ನು ದುಡ್ಡು. ಮಂಡಿಯಲ್ಲಿ ಟೆಂಡರ್ ದರದ ಮೇಲೆ ಸೆಸ್ಸು, ಹಮಾಲಿ ಬೀಳುತ್ತವಲ್ಲ, ಇಲ್ಲೂ ಹಾಗೆಯೇ. ಸುತ್ತಿಗೆ ಬಿದ್ದ ಬೆಲೆ, ಅಂದರೆ ಕೊನೆಯ ಸವಾಲು ನಿಂತ ಬೆಲೆ, 80 ಪೌಂಡ್ ಅನ್ನಿ. ಕೊಳ್ಳುವವರ ಕಮಿಷನ್ ಶೇ 25 ಇದ್ದರೆ 20 ಪೌಂಡ್. ಆ ಕಮಿಷನ್ ಮೇಲೆ ಅವರ ತೆರಿಗೆ ಶೇ 20, ಅಂದರೆ 4 ಪೌಂಡ್. ಬೇರೆ ವೆಬ್‌ಸೈಟ್ ಮೂಲಕ ಸವಾಲು ಹಾಕಿದರೆ ಅವರದ್ದೂ ಒಂದು ಪಾಲು. ಅಲ್ಲಿಗೇ 105 ದಾಟಿತು. ಆಮೇಲೆ ಪ್ಯಾಕಿಂಗ್, ಸಾಗಣೆ. ನಮ್ಮ ಕಸ್ಟಮ್ಸ್‌ನವರು ಸುಂಕ ಹಾಕುವುದು ಸಾಗಣೆ, ವಿಮೆ ಎಲ್ಲ ಸೇರಿದ ಮೊತ್ತಕ್ಕೆ. ಅದರ ಮೇಲೆ ಐಜಿಎಸ್‌ಟಿ, ಅಂದರೆ ಆಮದಿಗೆ ಬೀಳುವ ಜಿಎಸ್‌ಟಿ. ಆಟಿಕೆಗಳ ಆಮದು ಸುಂಕ 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ ಏರಿತು, 2023ರಲ್ಲಿ 70 ಆಯಿತು. ನನ್ನ ಪುಸ್ತಕದ ಲೆಕ್ಕದ ಪ್ರಕಾರ ಮನೆಗೆ ಬರುವ ಹೊತ್ತಿಗೆ ಸುತ್ತಿಗೆ ಬೆಲೆಯ ಸುಮಾರು ಮೂರು ಪಟ್ಟು ಆಗುತ್ತದೆ. ಅದಕ್ಕೇ ನಾನು ಉಲ್ಟಾ ಲೆಕ್ಕ ಹಾಕುತ್ತೇನೆ. ಕೈಯಲ್ಲಿ ಎಷ್ಟು ರೂಪಾಯಿ ಇದೆಯೋ ಅದನ್ನು ಮೂರರಿಂದ ಭಾಗಿಸಿ, ಬಂದ ಅಂಕಿಯನ್ನು ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸುತ್ತೇನೆ.

ಈಗ ಲೈವ್ ಕೂತು ಸವಾಲು ಹಾಕುವುದು ಕಡಿಮೆ. ಕರೆಂಟ್ ಹೋದರೆ ಮುಗಿಯಿತು, ಜೊತೆಗೆ ಎದುರಾಳಿ ಏರಿಸಿದಾಗ ಕೈ ಸುಮ್ನೆ ಇರುವುದಿಲ್ಲ. ನನ್ನ ಗರಿಷ್ಠ ಬೆಲೆಯನ್ನು ಹಿಂದಿನ ದಿನವೇ ಹರಾಜು ಮನೆಗೆ ತಿಳಿಸಿಬಿಡುತ್ತೇನೆ. ನಮ್ಮ ಪರವಾಗಿ ಅವರೇ ಕೂಗುತ್ತಾರೆ. ಎದುರಾಳಿ ಕಡಿಮೆಗೆ ನಿಂತರೆ ನಮಗೂ ಕಡಿಮೆಗೇ ಸಿಗುತ್ತದೆ.

ಪಾರ್ಸಲ್ ಬಂದಾಗ ಕೊರಿಯರ್‌ನವರು ಆಧಾರ್ ಅಥವಾ ಪ್ಯಾನ್, ಜೊತೆಗೆ ಇನ್‌ವಾಯ್ಸ್ ಕೇಳುತ್ತಾರೆ. ಮೊದಲೇ ಸಿದ್ಧ ಇಟ್ಟರೆ ತಡವಾಗುವುದಿಲ್ಲ. ಬಿಚ್ಚುವಾಗ ಮಗಳು ವಿಡಿಯೊ ಮಾಡುತ್ತಾಳೆ. ಹಳೆಯ ಟ್ರಾನ್ಸ್‌ಫಾರ್ಮರ್ ಜೊತೆಗೆ ಬಂದರೂ ನಾನು ಅದನ್ನು ಪ್ಲಗ್‌ಗೆ ಹಾಕುವುದಿಲ್ಲ. 1950ರ ದಶಕದ ವೈರಿನ ಹೊದಿಕೆಯನ್ನು ನಂಬಬಾರದು. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೊಂಡ 12 ವೋಲ್ಟ್ ಡಿಸಿ ಸಪ್ಲೈ ಸಾಕು. ಎಣ್ಣೆಯ ಒಂದೊಂದೇ ಹನಿ ಬಿಟ್ಟು, ಮೆಲ್ಲಗೆ ಕರೆಂಟ್ ಏರಿಸಬೇಕು. ಓಟ ಮಂದವಾಗಿ, ಮೋಟರ್ ಬೇಗ ಬಿಸಿಯಾದರೆ ಹೆಚ್ಚಾಗಿ ಮ್ಯಾಗ್ನೆಟ್‌ನ ಶಕ್ತಿ ಕುಂದಿರುತ್ತದೆ. ಅದಕ್ಕೆ ಮತ್ತೆ ಶಕ್ತಿ ತುಂಬಿಸಬಹುದು.

ಮುಂದಿನ ಗುರುವಾರ 2:30ಕ್ಕೆ ಒಂದು ಹರಾಜಿದೆ. ಅದರಲ್ಲಿ ಸ್ವಿಟ್ಜರ್ಲೆಂಡಿನ ಮೀಟರ್ ಗೇಜ್ ರೈಲಿನ ಒಂದು ಮಾದರಿ ಇದೆ, ಬೆಮೊ ಕಂಪನಿಯದ್ದು, 12 ಮಿ.ಮೀ. ಹಳಿಯದ್ದು. ಮೂರು ಹಳಿಯ ನನ್ನ ನಿಯಮವನ್ನು ಚಿಕ್ಕಜಾಜೂರಿನ ನೆನಪಿಗೋಸ್ಕರ ಇದೊಂದಕ್ಕೆ ಸಡಿಲಿಸಿದ್ದೇನೆ. ಅಡಿಭಾಗದ ಫೋಟೊ ಕೇಳಿ ಸೋಮವಾರ ಮೇಲ್ ಹಾಕಿದ್ದೇನೆ. ಬುಧವಾರ ರಾತ್ರಿಯೊಳಗೆ ಉತ್ತರ ಬರದಿದ್ದರೆ ಆ ಲಾಟ್ ಬಿಡುತ್ತೇನೆ.