ಟೈಪನ್ನೂ ಬಿಡದೆ, ಜೋಡಣೆಯನ್ನೂ ಬಿಡದೆ: ಸ್ಟೇಟ್ ಮೆಷಿನ್ ಕಟ್ಟಿದ ನನ್ನ ಅನುಭವ

ನಮ್ಮ ಆರ್ಡರ್ ವ್ಯವಸ್ಥೆ ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಸ್ಟೇಟ್ ಮೆಷಿನ್‌ಗಳ (ಈಗಿನ ಸ್ಥಿತಿ, ಬಂದ ಈವೆಂಟ್ ಎರಡನ್ನೂ ನೋಡಿ ಮುಂದಿನ ಸ್ಥಿತಿ ನಿರ್ಧರಿಸುವ ಕೋಡ್) ಮೇಲೆ ಓಡತೊಡಗಿ ಒಂದೂವರೆ ವರ್ಷದ ಮೇಲಾಯಿತು. ಇಷ್ಟು ದಿನದಲ್ಲಿ ಒಂದೇ ಒಂದು ರಿಫಂಡ್ ಎರಡು ಸಲ ಹೋಗಿಲ್ಲ. "ಟೈಪ್ ಬರೆದರೆ ಹೊಟ್ಟೆ ತುಂಬಲ್ಲ, ಎರಡು ಇಫ್ ಹಾಕಿ ಮುಗಿಸಿ" ಎನ್ನುತ್ತಿದ್ದವರೇ ಈಗ ಹೊಸ ಫೀಚರ್ ಬಂದರೆ ಸ್ಥಿತಿಗಳ ಚಿತ್ರ ಬರೆದುಕೊಂಡು ನನ್ನ ಮೇಜಿಗೆ ಬರುತ್ತಾರೆ. ಹ್ಯಾಸ್ಕೆಲ್‌ನ ಮುಂದುವರಿದ ಟೈಪ್ ಸೌಲಭ್ಯಗಳಾದ ಜಿಎಡಿಟಿ, ಡೇಟಾಕೈಂಡ್ಸ್, ಎಕ್ಸಿಸ್ಟೆನ್ಶಿಯಲ್ ಟೈಪ್‌ಗಳಲ್ಲಿ ಕೈ ಆಡಿಸಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪಾಠ ಮಾಡಲು ಹೋಗುವುದಿಲ್ಲ.

ಹಳೆಯ ಕೋಡಿನಲ್ಲಿ ಪ್ರತಿ ಆರ್ಡರಿಗೂ ನಾಲ್ಕು ಬೂಲಿಯನ್ (ಹೌದು ಅಥವಾ ಇಲ್ಲ) ಕಾಲಂ ಇದ್ದವು: ಪಾವತಿಯಾಗಿದೆಯೇ, ರವಾನೆಯಾಗಿದೆಯೇ, ರದ್ದಾಗಿದೆಯೇ, ರಿಫಂಡ್ ಆಗಿದೆಯೇ. ಲೆಕ್ಕಕ್ಕೆ 16 ಸಂಯೋಜನೆ, ವ್ಯವಹಾರದಲ್ಲಿ ಅರ್ಥವಿದ್ದದ್ದು ಆರೋ ಏಳೋ. ಉಳಿದವೂ ಡೇಟಾಬೇಸಿನಲ್ಲಿ ಆರಾಮಾಗಿ ಕೂತಿದ್ದವು. ಪಾವತಿ ಗೇಟ್‌ವೇ ಒಂದೇ ವೆಬ್‌ಹುಕ್ಕನ್ನು (ಪಾವತಿಯ ಸುದ್ದಿ ತಿಳಿಸುವ ಸಂದೇಶವನ್ನು) ಎರಡು ಸಲ ಕಳಿಸುವುದು, ಹಿಂದುಮುಂದಾಗಿ ಕಳಿಸುವುದು ಮಾಮೂಲು. ಜೊತೆಗೆ ಗ್ರಾಹಕ ಸೇವೆಯವರ ಪರದೆಯಲ್ಲೊಂದು ರಿಫಂಡ್ ಬಟನ್. ಇವೆರಡೂ ಒಂದೇ ಹೊತ್ತಿಗೆ ಬಂದರೆ ದುಡ್ಡು ಎರಡು ಸಲ ಹೋಗುತ್ತಿತ್ತು. ಒಂದು ಕೆಟ್ಟ ತಿಂಗಳಲ್ಲಿ ಹೀಗೆ ಹೋದದ್ದು ಒಬ್ಬ ಪ್ರೋಗ್ರಾಮರ್‌ನ ಎರಡು ತಿಂಗಳ ಸಂಬಳದಷ್ಟಿತ್ತು. ವಾಪಸ್ ಬಂದದ್ದು ಅರ್ಧಕ್ಕಿಂತ ಕಡಿಮೆ. ಲೆಕ್ಕಪತ್ರದವರಂತೂ ವಾರಕ್ಕೊಂದು ದಿನ ಪೂರ್ತಿ ಇದನ್ನೇ ತಾಳೆ ನೋಡುತ್ತಿದ್ದರು.

ಬೂಲಿಯನ್‌ಗಳನ್ನು ಕಿತ್ತುಹಾಕಿ ಒಂದು ಸಮ್ ಟೈಪ್ (ಪಟ್ಟಿ ಮಾಡಿದ ಸ್ಥಿತಿಗಳಲ್ಲಿ ಒಂದೇ ಒಂದು ಆಗಿರಬಲ್ಲ ಟೈಪ್), ಸ್ಥಿತಿಯನ್ನು ಮುಂದಕ್ಕೊಯ್ಯುವ ಒಂದು ಸ್ಟೆಪ್ ಫಂಕ್ಷನ್ ಬರೆದಾಗಲೇ ಅರ್ಧ ರೋಗ ವಾಸಿಯಾಯಿತು. ಉಳಿದರ್ಧ ಹಟಮಾರಿ. ಪಾವತಿಗೆ ಐದು ಸ್ಥಿತಿ, ರವಾನೆಗೆ ಆರು. ಎರಡನ್ನೂ ಒಂದೇ ಟೈಪಿಗೆ ತುರುಕಿದರೆ 30. ಹನ್ನೊಂದು ಈವೆಂಟ್‌ಗಳ ಜೊತೆ ಗುಣಿಸಿದರೆ 330 ಕೇಸ್. ಅಷ್ಟನ್ನೂ ಬರೆಯುವ ತಾಳ್ಮೆ ಯಾರಿಗಿದೆ? ಕೊನೆಗೊಂದು ಅಂಡರ್‌ಸ್ಕೋರ್ ('ಉಳಿದದ್ದೆಲ್ಲ' ಎಂಬರ್ಥದ ಗುರುತು) ಹಾಕಿ ಮುಗಿಸುತ್ತಾರೆ, ಬಗ್‌ಗಳೆಲ್ಲ ಅದರಡಿಯಲ್ಲೇ ಸೇರಿಕೊಳ್ಳುತ್ತವೆ. ಪಾವತಿ, ರವಾನೆ, ರಿಫಂಡ್ ಎಂದು ಸಣ್ಣ ಸಣ್ಣ ಮೆಷಿನ್ ಬರೆದು ಜೋಡಿಸುವುದೊಂದೇ ದಾರಿ ಎಂಬುದು ಅಲ್ಲಿಗೆ ಖಾತ್ರಿಯಾಯಿತು. ಹೇಗೆ ಜೋಡಿಸುವುದು ಎನ್ನುವುದರಲ್ಲೇ ತಿಂಗಳುಗಳು ಹೋದವು.

ಜಾರ್ಜ್ ಮೀಲಿ 1955ರಲ್ಲಿ ಬರೆದ ಸ್ಟೇಟ್ ಮೆಷಿನ್ ಮಾದರಿ, ಎಡ್ವರ್ಡ್ ಮೂರ್ 1956ರಲ್ಲಿ ಬರೆದ ಮಾದರಿ, ಇವೆರಡರಲ್ಲಿ ನಾನು ಹಿಡಿದದ್ದು ಮೀಲಿಯದನ್ನು. ಮೂರ್ ಮೆಷಿನ್‌ನಲ್ಲಿ ಔಟ್‌ಪುಟ್ ಸ್ಥಿತಿಗೆ ಅಂಟಿಕೊಂಡಿರುತ್ತದೆ. 'ರಿಫಂಡ್ ಕಳಿಸು' ಎಂಬ ಆದೇಶ ಸ್ಥಿತಿಗೆ ಅಂಟಿದ್ದರೆ, ಆ ಸಾಲನ್ನು ಡೇಟಾಬೇಸಿನಿಂದ ಎತ್ತಿದಾಗಲೆಲ್ಲ ಆದೇಶವೂ ಮತ್ತೆ ಎದುರಿಗೆ ನಿಲ್ಲುತ್ತದೆ. ದುಡ್ಡಿನ ವಿಷಯದಲ್ಲಿ ಅದು ಬೇಡ. ಮೀಲಿಯಲ್ಲಿ ಔಟ್‌ಪುಟ್ ಸಾಗಾಟದ (ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವುದರ) ಮೇಲಿರುತ್ತದೆ, ಸಾಗಾಟ ನಡೆದಾಗ ಮಾತ್ರ ಹೊರಬೀಳುತ್ತದೆ.

ಇನ್‌ಪುಟ್ ಕೊಟ್ಟರೆ ಔಟ್‌ಪುಟ್ಟನ್ನೂ ಮುಂದಿನ ಮೆಷಿನ್ನನ್ನೂ ಕೊಡುವ ಒಂದು ಫಂಕ್ಷನ್: ಹ್ಯಾಸ್ಕೆಲ್‌ನಲ್ಲಿ ಮೀಲಿ ಮೆಷಿನ್ ಇಷ್ಟೇ. ಮೆಷಿನ್ ಜೋಡಿಸಲು ಬೇಕಾದ ಕ್ಯಾಟಗರಿ, ಆ್ಯರೋ ಇನ್‌ಸ್ಟನ್ಸ್‌ಗಳು ಹತ್ತಿಪ್ಪತ್ತು ಸಾಲಿನಲ್ಲಿ ಮುಗಿಯುತ್ತವೆ. ಒಂದರ ಹಿಂದೊಂದು, ಅಕ್ಕಪಕ್ಕ, ಇದು ಇಲ್ಲವೇ ಅದು, ಎಲ್ಲ ಜೋಡಣೆಯೂ ಸಲೀಸು. ಆದರೆ ಸ್ಥಿತಿಯೆಲ್ಲ ಕ್ಲೋಶರ್ (ತನ್ನ ಡೇಟಾವನ್ನು ಒಳಗೇ ಹೊತ್ತ ಫಂಕ್ಷನ್) ಒಳಗೆ ಅಡಗಿರುತ್ತದೆ, ಕ್ಲೋಶರನ್ನು ಡೇಟಾಬೇಸಿಗೆ ಬರೆಯಲಾಗುವುದಿಲ್ಲ. ಆರ್ಡರ್ ಒಂದು ಮುಗಿಯಲು ವಾರಗಟ್ಟಲೆ ಬೇಕು, ಸರ್ವರ್ ದಿನಕ್ಕೆ ನಾಲ್ಕು ಸಲ ರಿಸ್ಟಾರ್ಟ್ ಆಗುತ್ತದೆ. ಈವೆಂಟ್‌ಗಳನ್ನೆಲ್ಲ ಇಟ್ಟುಕೊಂಡು ಮೊದಲಿನಿಂದ ಓಡಿಸಿ ನೋಡಿದೆವು. ನಡೆಯಿತು, ಆದರೆ ಆ ತಿಂಗಳ ಸರ್ವರ್ ಬಿಲ್ ಹತ್ತಿರ ಹತ್ತಿರ ಒಂದೂವರೆ ಪಟ್ಟಾಯಿತು. ಮ್ಯಾನೇಜರ್ ನನ್ನನ್ನು ಕರೆದು ಕೂರಿಸಿಕೊಂಡರು.

ಆಮೇಲೆ ಇನ್ನೊಂದು ತುದಿಗೆ ಹೋದೆ: ಇಂಡೆಕ್ಸ್ಡ್ ಮೊನಾಡ್ (ಪ್ರತಿ ಹೆಜ್ಜೆಯ ಹಿಂದಿನ, ಮುಂದಿನ ಸ್ಥಿತಿಯನ್ನು ಟೈಪಿನಲ್ಲಿ ಇಡುವ ರಚನೆ), ಟೈಪನ್ನೂ ಮೌಲ್ಯವನ್ನೂ ಬೆಸೆಯುವ ಸಿಂಗಲ್‌ಟನ್ಸ್ ಲೈಬ್ರರಿ, ಇಡೀ ಆರ್ಡರಿನ ಸ್ಥಿತಿ ಟೈಪಿನಲ್ಲೇ. ಹ್ಯಾಸ್ಕೆಲ್ ಕಂಪೈಲರ್ ಜಿಎಚ್‌ಸಿಯ 9.0 ಆವೃತ್ತಿಯಲ್ಲಿ ಬಂದ ಕ್ವಾಲಿಫೈಡ್‌ಡು ಸೌಲಭ್ಯ ಇದ್ದದ್ದರಿಂದ ಡು ನೊಟೇಶನ್ನಿನ (ಹೆಜ್ಜೆಗಳನ್ನು ಒಂದರ ಕೆಳಗೊಂದು ಬರೆಯುವ ರೀತಿಯ) ತಾಪತ್ರಯ ತಪ್ಪಿತು. ಕೋಡ್ ನೋಡಲು ಚೆಂದವಿತ್ತು. ಆದರೆ ಈವೆಂಟ್ ಬರುವುದು ಹೊರಗಿನಿಂದ. ಆರ್ಡರ್ ಯಾವ ಸ್ಥಿತಿಯಲ್ಲಿದೆ ಎಂಬುದು ಸಾಲನ್ನು ಓದಿದ ಮೇಲೆಯೇ ಗೊತ್ತಾಗುವುದು. ಕಂಪೈಲ್ ಹೊತ್ತಿಗೇ ಸ್ಥಿತಿ ಗೊತ್ತಿದೆ ಎಂದು ಕಟ್ಟಿದ ಕೋಡ್ ಬಾಗಿಲಲ್ಲೇ ಎಡವಿತು. ಎರಡು ಮೆಷಿನ್ ಜೋಡಿಸಲು ಹೊರಟರೆ ಟೈಪ್ ಲೆವೆಲ್ ಪಟ್ಟಿಗಳ ಮೇಲೆ ಪಟ್ಟಿ. ಪೂರ್ತಿ ಬಿಲ್ಡ್ ಮೂರು ನಿಮಿಷದಿಂದ ಹನ್ನೆರಡಕ್ಕೆ ಏರಿತು, ಒಂದೊಂದು ಎರರ್ ಪರದೆ ದಾಟಿ ಹೋಗುತ್ತಿತ್ತು. "ಇದನ್ನು ನೀವೊಬ್ಬರೇ ನೋಡಿಕೊಳ್ಳಿ ಸಾರ್" ಎಂದು ತಂಡದವರು ಕೈಚೆಲ್ಲಿದರು.

ಕೊನೆಗೆ ನಿಂತದ್ದು ಹೀಗೆ. ಕಟ್ಟುನಿಟ್ಟು ಪ್ರತಿ ಸಣ್ಣ ಮೆಷಿನ್‌ನ ಒಳಗೆ ಮಾತ್ರ. ಹೊರಗೆ ಕಾಣುವುದು ಇನ್‌ಪುಟ್ ಟೈಪ್, ಔಟ್‌ಪುಟ್ ಟೈಪ್ ಎರಡೇ. ಪಾವತಿ ಮೆಷಿನ್‌ನ ಸ್ಥಿತಿ ಒಂದು ಜಿಎಡಿಟಿ, ಅಂದರೆ ಪ್ರತಿ ಸ್ಥಿತಿಗೂ ಅದರದ್ದೇ ಟೈಪ್ ಕೊಡುವ ಡೇಟಾ ಟೈಪ್. 'ಬಾಕಿ' ಸ್ಥಿತಿಯಲ್ಲಿ ಮೊತ್ತ ಮಾತ್ರ ಇದೆ. 'ಪಾವತಿಯಾಗಿದೆ'ಯಲ್ಲಿ ಮೊತ್ತದ ಜೊತೆ ಗೇಟ್‌ವೇ ಕೊಟ್ಟ ರಸೀದಿ ಸಂಖ್ಯೆ. 'ರಿಫಂಡ್ ಆಗಿದೆ'ಯಲ್ಲಿ ರಸೀದಿ ಸಂಖ್ಯೆ, ರಿಫಂಡ್ ಸಂಖ್ಯೆ ಎರಡೂ. ರಸೀದಿಯಿಲ್ಲದೆ ರಿಫಂಡ್ ಆದೇಶ ಕಟ್ಟಲು ಬರುವುದಿಲ್ಲ, ಬಾಕಿ ಸ್ಥಿತಿಯಲ್ಲಿ ರಸೀದಿಯೇ ಇಲ್ಲ. ಯಾವ ಸ್ಥಿತಿಯಿಂದ ಯಾವುದಕ್ಕೆ ಹೋಗಬಹುದು ಎಂಬ ಟೋಪೊಲಜಿ ಟೈಪ್ ಮಟ್ಟದಲ್ಲಿ ಬೇರೆಯೇ ಒಂದು ಪಟ್ಟಿ. ಸ್ಟೆಪ್ ಫಂಕ್ಷನ್ ವಾಪಸ್ ಕೊಡುವ ಸ್ಥಿತಿ ಯಾವುದಾದರೂ ಇರಬಹುದು, ಆದರೆ ಅಲ್ಲಿಗೆ ಹೋಗಲು ಪಟ್ಟಿಯಲ್ಲಿ ದಾರಿ ಇದೆ ಎಂಬ ಕನ್‌ಸ್ಟ್ರೇಂಟ್ (ಕಂಪೈಲರ್ ಪರೀಕ್ಷಿಸುವ ಷರತ್ತು) ಪೂರೈಸಬೇಕು. ಇಲ್ಲದ ದಾರಿ ಹಿಡಿದರೆ ಕಂಪೈಲ್ ಆಗುವುದಿಲ್ಲ. ಅಲ್ಲಿ ಬರುವ ಎರರನ್ನು ನಾನೇ ಬರೆದಿಟ್ಟಿದ್ದೇನೆ, ಒಂದೇ ಸಾಲಿನಲ್ಲಿ: ಇಂಥ ಸ್ಥಿತಿಯಿಂದ ಇಂಥದಕ್ಕೆ ದಾರಿ ಇಲ್ಲ. ತಂಡದ ಮನಸ್ಸು ಬದಲಾಗಲು ಬೇರೆಲ್ಲಕ್ಕಿಂತ ಹೆಚ್ಚಾಗಿ ಈ ಒಂದು ಸಾಲು ಕಾರಣ ಎಂದೇ ನನ್ನ ನಂಬಿಕೆ.

ಜೋಡಣೆಗಳನ್ನು ನೇರ ಫಂಕ್ಷನ್ ಮಾಡಲಿಲ್ಲ, ಡೇಟಾ ಟೈಪ್ ಮಾಡಿದೆ. ಸರಣಿ, ಜೋಡಿ, ಆಯ್ಕೆ, ಮರುಕಳಿಕೆ (ಔಟ್‌ಪುಟ್ಟೇ ಮತ್ತೆ ಇನ್‌ಪುಟ್ ಆಗುವುದು) ಎಂದು ನಾಲ್ಕು ಕನ್‌ಸ್ಟ್ರಕ್ಟರ್, ತಳದಲ್ಲಿ ಮೂಲ ಮೆಷಿನ್. ಇಡೀ ವ್ಯವಸ್ಥೆ ಒಂದು ಮರವಾಗುತ್ತದೆ. ಅದೇ ಮರವನ್ನು ಓಡಿಸಬಹುದು, ಉಳಿಸಬಹುದು, ಚಿತ್ರವಾಗಿ ಬಿಡಿಸಬಹುದು. ಇದೇ ಜಾಡಿನಲ್ಲಿ ಕ್ರೆಮ್ ಎಂಬ ಲೈಬ್ರರಿ ಇದೆ, ಹೊಸದಾಗಿ ಶುರುಮಾಡುವವರು ಅದನ್ನು ನೋಡಬಹುದು. ನಮಗೆ ಉಳಿಸುವ ಭಾಗ ಬೇರೆ ಥರ ಬೇಕಿತ್ತು, ಕೈಯಾರೆ ಬರೆದೆ. ತಿರುಳು 400 ಸಾಲು ದಾಟಿಲ್ಲ.

ಉಳಿಸುವುದರಲ್ಲೊಂದು ಸೂಕ್ಷ್ಮವಿದೆ. ಮೂರು ಮೆಷಿನ್ ಸರಣಿಯಲ್ಲಿದ್ದರೆ ಒಟ್ಟು ಸ್ಥಿತಿ ಒಂದರೊಳಗೊಂದು ಟ್ಯೂಪಲ್ (ಮೌಲ್ಯಗಳ ಜೋಡಿ). ಮೊದಲೆರಡನ್ನು ಸೇರಿಸಿ ಮೂರನೆಯದಕ್ಕೆ ಜೋಡಿಸಿದರೆ ಒಂದು ಆಕಾರ, ಕೊನೆಯೆರಡನ್ನು ಮೊದಲು ಸೇರಿಸಿದರೆ ಇನ್ನೊಂದು. ನಡವಳಿಕೆ ಒಂದೇ, ಆದರೆ ಡೇಟಾಬೇಸಿಗೆ ಬರೆಯುವ ಜೇಸನ್ ಪಠ್ಯ ಬೇರೆ. ಯಾರೋ ಒಂದು ಬ್ರ್ಯಾಕೆಟ್ ಸರಿಸಿದ್ದಕ್ಕೆ ಹಳೆಯ ಸಾಲುಗಳು ಓದಲು ಬಾರದೆ ನಿಂತವು. ಟೆಸ್ಟ್ ಸರ್ವರ್ ಆದ್ದರಿಂದ ಬಚಾವು. ಅಂದಿನಿಂದ ಟ್ಯೂಪಲ್ ಉಳಿಸುವುದಿಲ್ಲ. ಪ್ರತಿ ಮೂಲ ಮೆಷಿನ್ನಿಗೂ ಹೆಸರು, ಆ ಹೆಸರಿನಡಿ ಅದರದ್ದೇ ಸ್ಥಿತಿ, ಜೊತೆಗೊಂದು ಆವೃತ್ತಿ ಸಂಖ್ಯೆ. ಮರದ ಆಕಾರ ಹೇಗೆ ಬದಲಾದರೂ ಹೆಸರು ಸಿಕ್ಕರೆ ಸಾಕು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ: ಟೈಪ್ ಇದ್ದ ಮಾತ್ರಕ್ಕೆ ರಿಫಂಡ್ ಎರಡು ಸಲ ಹೋಗುವುದು ನಿಲ್ಲುತ್ತದೆಯೇ? ನಿಲ್ಲುವುದಿಲ್ಲ. ಹ್ಯಾಸ್ಕೆಲ್‌ನಲ್ಲಿ ಹಳೆಯ ಮೌಲ್ಯ ಎಲ್ಲಿಗೂ ಹೋಗುವುದಿಲ್ಲ. 'ಪಾವತಿಯಾಗಿದೆ' ಎಂಬ ಮೌಲ್ಯವನ್ನು ಕೈಯಲ್ಲಿಟ್ಟುಕೊಂಡು ರಿಫಂಡ್ ಫಂಕ್ಷನ್ನನ್ನು ಎಷ್ಟು ಸಲ ಕರೆದರೂ ಕಂಪೈಲರ್ ಸುಮ್ಮನಿರುತ್ತದೆ. ರಸ್ಟ್ ಭಾಷೆಯಲ್ಲಾದರೆ ಮೂವ್ ಆದ (ಬೇರೆ ಕಡೆಗೆ ಒಪ್ಪಿಸಿಬಿಟ್ಟ) ಮೌಲ್ಯ ಮತ್ತೆ ಮುಟ್ಟಲು ಬಿಡುವುದಿಲ್ಲ. ಹ್ಯಾಸ್ಕೆಲ್‌ನಲ್ಲಿ, ಮೌಲ್ಯವನ್ನು ಒಂದೇ ಸಲ ಬಳಸುವಂತೆ ಕಟ್ಟುಹಾಕುವ ಲೀನಿಯರ್ ಟೈಪ್ಸ್ ಎಕ್ಸ್‌ಟೆನ್ಶನ್ ಇದೆ, ಅದೂ 9.0ರಲ್ಲೇ ಬಂದದ್ದು; ಅದನ್ನೂ ಕೆಲವು ವಾರ ಹಚ್ಚಿ ನೋಡಿದೆ. ಆದರೆ ಎರಡು ಸರ್ವರ್‌ಗಳು ಒಂದೇ ಸಾಲನ್ನು ಒಟ್ಟಿಗೆ ಓದಿದರೆ ಯಾವ ಭಾಷೆಯ ಟೈಪೂ ಕಾಯುವುದಿಲ್ಲ, ಏಕೆಂದರೆ ಎರಡು ಪ್ರತಿ ಹುಟ್ಟುವುದು ಡೇಟಾಬೇಸಿನಿಂದ ಓದುವಾಗಲೇ.

ಆದ್ದರಿಂದ ನಮ್ಮ ಸ್ಟೆಪ್ ಫಂಕ್ಷನ್ ಗೇಟ್‌ವೇಯನ್ನು ಮುಟ್ಟುವುದೇ ಇಲ್ಲ. 'ಇಂಥ ರಸೀದಿಗೆ ಇಷ್ಟು ವಾಪಸ್ ಕೊಡು' ಎಂಬ ಆದೇಶವನ್ನು ಬರೀ ಮೌಲ್ಯವಾಗಿ ಹೊರಗೆ ಕೊಡುತ್ತದೆ. ಹೊಸ ಸ್ಥಿತಿ, ಆದೇಶ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯುತ್ತೇವೆ, ಸಾಲಿನ ಕ್ರಮಸಂಖ್ಯೆ (ಸಾಲು ಬದಲಾದಾಗಲೆಲ್ಲ ಏರುವುದು) ಓದಿದಾಗ ಇದ್ದದ್ದೇ ಇದ್ದರೆ ಮಾತ್ರ. ಇಬ್ಬರು ಒಟ್ಟಿಗೆ ಬಂದರೆ ಒಬ್ಬರದ್ದು ದಾಖಲಾಗುತ್ತದೆ, ಇನ್ನೊಬ್ಬರು ಮತ್ತೆ ಓದಬೇಕು. ಓದಿದಾಗ ಸ್ಥಿತಿ 'ರಿಫಂಡ್ ಆಗುತ್ತಿದೆ' ಎಂದಿರುತ್ತದೆ. ಅಲ್ಲಿ ರಿಫಂಡ್ ಕೋರಿಕೆ ಬಂದರೆ ಏನು ಮಾಡಬೇಕು ಎಂಬ ಕೇಸನ್ನು ಬರೆಯದೆ ಬಿಡಲು ಕಂಪೈಲರ್ ಒಪ್ಪುವುದಿಲ್ಲ; ಅಪೂರ್ಣ ಪ್ಯಾಟರ್ನ್ ಎಚ್ಚರಿಕೆಯನ್ನು ನಾವು ಎರರ್ ಮಾಡಿಟ್ಟಿದ್ದೇವೆ, ಅಂಡರ್‌ಸ್ಕೋರ್ ಕಂಡರೆ ರಿವ್ಯೂನಲ್ಲೇ ವಾಪಸ್. ಹಾಗೆ ಅಲ್ಲೊಂದು ಕೇಸ್ ಇದೆ: ಅದೇ ಸ್ಥಿತಿ, ಖಾಲಿ ಆದೇಶ ಪಟ್ಟಿ. ಗೇಟ್‌ವೇಗೆ ಹೋಗುವ ಆದೇಶಕ್ಕೊಂದು ಐಡೆಂಪೊಟೆನ್ಸಿ ಕೀ (ಅದೇ ಆದೇಶ ಮತ್ತೆ ಬಂದರೆ ಗೇಟ್‌ವೇ ಪತ್ತೆಹಚ್ಚುವ ಗುರುತು) ಕೂಡ ಇದೆ. ಆ ಕೀಯನ್ನು ಸ್ಥಿತಿಯ ಯಾವ ಭಾಗಗಳಿಂದ ಕಟ್ಟುತ್ತೇವೆ ಎಂಬುದನ್ನು ಮಾತ್ರ ನಮ್ಮಲ್ಲೇ ಇಟ್ಟುಕೊಳ್ಳುತ್ತೇನೆ.

ಹಳೆಯ ಡೇಟಾವನ್ನು ಹೊಸ ಟೈಪಿಗೆ ತರುವಾಗ ಸುಮಾರು ಐನೂರು ಸಾಲು ಯಾವ ಸ್ಥಿತಿಗೂ ಹೊಂದಲಿಲ್ಲ. ಅವನ್ನೆಲ್ಲ ಬೇರೆ ಟೇಬಲ್ಲಿಗೆ ಎತ್ತಿಟ್ಟು, ಲೆಕ್ಕಪತ್ರದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದಾಗಿ ನೋಡಿದೆವು. ಹೆಚ್ಚಿನವು ಕಸ. ಆದರೆ 'ಪಾವತಿಯಾಗಿಲ್ಲ, ರವಾನೆಯಾಗಿದೆ' ಎಂಬ ನೂರಕ್ಕೂ ಹೆಚ್ಚು ಸಾಲು ನಿಜವೇ ಆಗಿದ್ದವು: ನಂಬಿಕಸ್ಥ ಗಿರಾಕಿಗಳಿಗೆ ಮೊದಲು ಮಾಲು, ಆಮೇಲೆ ದುಡ್ಡು. ಈ ಪದ್ಧತಿ ಯಾವ ದಾಖಲೆಯಲ್ಲೂ ಇರಲಿಲ್ಲ. ಪಾವತಿಗೆ 'ಸಾಲ' ಎಂಬ ಆರನೆಯ ಸ್ಥಿತಿ ಹುಟ್ಟಿದ್ದು ಹೀಗೆ.

ಮರುಕಳಿಕೆಯ ಬಗ್ಗೆ ಒಂದು ಮಾತು. ರವಾನೆ ಕೈಕೊಟ್ಟರೆ ಅದರ ಔಟ್‌ಪುಟ್ ಪಾವತಿ ಮೆಷಿನ್ನಿಗೆ ಇನ್‌ಪುಟ್ ಆಗಿ ತಿರುಗಬೇಕು. ಟೈಪ್‌ಗಳು ಕೂಡಿದರೂ ಸುತ್ತು ನಿಲ್ಲುತ್ತದೆ ಎಂಬ ಭರವಸೆ ಇಲ್ಲ. ಒಂದು ಈವೆಂಟಿಗೆ ಎಂಟು ಸುತ್ತಿನ ಮಿತಿ ಹಾಕಿದ್ದೇನೆ. ದಾಟಿದರೆ ಏನೂ ದಾಖಲಾಗದು, ಅಲಾರಂ ಹೊಡೆಯುತ್ತದೆ. ಪ್ರೊಡಕ್ಷನ್‌ನಲ್ಲಿ ಮೂರಕ್ಕಿಂತ ಹೆಚ್ಚು ಸುತ್ತು ಹೋದದ್ದು ಕಂಡಿಲ್ಲ. ಸುತ್ತಿನೊಳಗೆ ಔಟ್‌ಪುಟ್‌ಗಳನ್ನು ಯಾವ ಕ್ರಮದಲ್ಲಿ ತಿರುಗಿಸಬೇಕು ಎಂಬುದರಲ್ಲಿ ನಿಜವಾದ ಕೈಚಳಕ ಇದೆ. ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ, ಮಾಡಿ ನೋಡಿದವರಿಗೆ ಬೇಗ ಹೊಳೆಯುತ್ತದೆ.

ನಡುವೆ ಕೆಲವು ಅಡ್ಡದಾರಿಗಳೂ ಆದವು. ಯಾದೃಚ್ಛಿಕ ಪರೀಕ್ಷೆ ನಡೆಸುವ ಕ್ವಿಕ್‌ಚೆಕ್ ಲೈಬ್ರರಿಗೆ ಈವೆಂಟ್‌ಗಳ ಅಡ್ಡಾದಿಡ್ಡಿ ಸಾಲು ಕೊಟ್ಟು 'ಕೊಟ್ಟ ರಿಫಂಡ್ ಬಂದ ಹಣ ಮೀರಬಾರದು' ಎಂದು ಪರೀಕ್ಷಿಸಿದೆ. ನೂರಾರು ಈವೆಂಟಿನ ಒಂದು ಸೋಲನ್ನು ಅದು ಮೂರೇ ಈವೆಂಟಿಗೆ ಇಳಿಸಿ ತೋರಿಸಿತು: ಭಾಗಶಃ ರಿಫಂಡ್, ಮತ್ತೊಂದು ಭಾಗಶಃ ರಿಫಂಡ್, ರದ್ದು. ಇದು ಟೈಪ್ ಹಿಡಿಯಲಾರದ ಬಗ್, ಏಕೆಂದರೆ ತಪ್ಪಿದ್ದು ಮೊತ್ತ, ಸ್ಥಿತಿ ಸರಿಯಾಗೇ ಇತ್ತು. ಇಡ್ರಿಸ್ 2ರಲ್ಲೂ ಪಾವತಿ ಮೆಷಿನ್ ಬರೆದೆ. ಎಷ್ಟು ಸಲ ಬಳಸಬಹುದು ಎಂಬ ಲೆಕ್ಕ ಆ ಭಾಷೆಯ ಟೈಪಿನಲ್ಲೇ ಇರುವುದರಿಂದ ಬಹಳ ಸೊಗಸಾಗಿ ಬಂತು, ಆದರೆ ನಮಗೆ ಬೇಕಾದ ಡೇಟಾಬೇಸ್ ಲೈಬ್ರರಿಗಳು ಸಿಗಲಿಲ್ಲ. ಟೋಪೊಲಜಿಯಿಂದ ಮರ್ಮೇಡ್ (ಪಠ್ಯದಿಂದ ಚಿತ್ರ ಬಿಡಿಸುವ ಸಾಧನ) ಚಿತ್ರ ತೆಗೆಯುವುದನ್ನು ಒಂದು ಸಂಜೆ ಸುಮ್ಮನೆ ಮಾಡಿದ್ದು. ಈಗ ಲೆಕ್ಕಪತ್ರದವರು ಅದನ್ನೇ ಅಚ್ಚು ಹಾಕಿಸಿಕೊಂಡು ಗೋಡೆಗೆ ಅಂಟಿಸಿದ್ದಾರೆ. ಕೋಡಿನಿಂದಲೇ ಹುಟ್ಟುವ ಚಿತ್ರ, ಹಾಗಾಗಿ ಹಳತಾಗುವ ಭಯವಿಲ್ಲ.

ಒಟ್ಟು ಖರ್ಚು ನೆನಪಿನಿಂದ ಹೇಳುವುದಾದರೆ ಇಬ್ಬರ ನಾಲ್ಕೈದು ತಿಂಗಳ ಸಂಬಳ. ಎರಡು ಸಲ ಹೋಗುತ್ತಿದ್ದ ರಿಫಂಡ್, ತಾಳೆ ನೋಡುವವರ ಸಮಯ, ರಾತ್ರಿ ಎಬ್ಬಿಸುವ ಅಲಾರಂಗಳು ಇವನ್ನೆಲ್ಲ ಕೂಡಿಸಿದರೆ ವರ್ಷದೊಳಗೆ ವಾಪಸ್ ಬಂದಿದೆ. ತಾಳೆ ನೋಡುವ ಕೆಲಸ ಈಗ ವಾರಕ್ಕೆ ಅರ್ಧ ಗಂಟೆ. ಹನ್ನೆರಡು ನಿಮಿಷಕ್ಕೆ ಏರಿದ್ದ ಬಿಲ್ಡ್ ಸಿಂಗಲ್‌ಟನ್ಸ್ ಬಿಟ್ಟ ಮೇಲೆ ಐದರ ಆಸುಪಾಸಿಗೆ ಇಳಿಯಿತು. ಪ್ರತಿ ಟೋಪೊಲಜಿಗೂ ಅದರದ್ದೇ ಮಾಡ್ಯೂಲ್ ಕೊಟ್ಟಿರುವುದರಿಂದ, ಯಾರಾದರೂ ಹೊಸ ದಾರಿ ಸೇರಿಸಿದಾಗ ಮಾತ್ರ ಅಷ್ಟು ಕಾಯಬೇಕು.