ಗಿಟ್‌ಗೆ ಹೊಸ ಫೈಲ್ ಸೇರಿಸುವುದು: ನಾನು ಮಾಡುವ ರೀತಿ

ಗಿಟ್ ಎಂದರೆ ಫೈಲ್‌ಗಳ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶ. ಗಿಟ್‌ಗೆ ಗೊತ್ತಿರುವ ಫೈಲನ್ನು ತಿದ್ದಿದರೆ ಅದು ತಾನಾಗಿ ಗುರುತಿಸುತ್ತದೆ. ಹೊಸ ಫೈಲ್ ಹಾಗಲ್ಲ, ನಾವೇ ಒಳಗೆ ಕರೆಯುವವರೆಗೆ ಹೊಸ್ತಿಲಾಚೆಯೇ ನಿಂತಿರುತ್ತದೆ. ಬದಲಾವಣೆಗಳನ್ನು ದಾಖಲೆಗೆ ಸೇರಿಸುವುದೇ ಕಮಿಟ್. ‘ಗಿಟ್ ಕಮಿಟ್ -ಎ’ (ಇಲ್ಲಿನ ಆಜ್ಞೆಗಳನ್ನೆಲ್ಲ ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು) ಹೊಡೆದರೆ ಎಲ್ಲವೂ ಹೋಯಿತೆಂದು ನಂಬಿದವರು ಬಹಳ. ಆ ‘-ಎ’ ಈಗಾಗಲೇ ಲೆಕ್ಕದಲ್ಲಿರುವ ಫೈಲ್‌ಗಳಿಗಷ್ಟೇ. ಹೊಸ ಫೈಲ್ ನಮ್ಮ ಡಿಸ್ಕಿನಲ್ಲೇ ಉಳಿಯುತ್ತದೆ, ಬೇರೆ ಫೈಲಿನಿಂದ ಅದನ್ನು ಬಳಸಲು ಕರೆಯುವ (ಇಂಪೋರ್ಟ್) ಸಾಲು ಮಾತ್ರ ಕಮಿಟ್ ಆಗುತ್ತದೆ. ನಮ್ಮಲ್ಲಿ ಪ್ರೋಗ್ರಾಂ ಸಲೀಸಾಗಿ ಓಡುತ್ತದೆ, ಪುಲ್ ಮಾಡಿಕೊಂಡವರಲ್ಲಿ, ಅಂದರೆ ನಮ್ಮ ಕಮಿಟ್‌ಗಳನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಂಡವರಲ್ಲಿ, ಆ ಫೈಲ್ (ಮಾಡ್ಯೂಲ್) ಸಿಗದೆ ನಿಲ್ಲುತ್ತದೆ.

ಹಾಗಾಗಿ ಮೊದಲು ‘ಗಿಟ್ ಸ್ಟೇಟಸ್ -ಎಸ್’. ಎರಡು ಪ್ರಶ್ನೆ ಚಿಹ್ನೆ ಇರುವ ಸಾಲುಗಳು ಗಿಟ್‌ಗೆ ಪರಿಚಯವಿಲ್ಲದವು. ಹೊಸ ಫೋಲ್ಡರಾದರೆ ಹೆಸರನ್ನಷ್ಟೇ ತೋರಿಸುತ್ತದೆ. ಒಳಗಿರುವುದೆಲ್ಲ ಕಾಣಲು ‘-ಯು’ ಕೂಡ ಹಾಕಬೇಕು. ಖಾಲಿ ಫೋಲ್ಡರ್ ಕಾಣುವುದೇ ಇಲ್ಲ, ಗಿಟ್ ಇಡುವುದು ಫೈಲ್‌ಗಳ ಲೆಕ್ಕ ಮಾತ್ರ. ಅದೂ ಬೇಕಿದ್ದರೆ ಒಳಗೊಂದು ‘.ಗಿಟ್‌ಕೀಪ್’ ಎಂಬ ಖಾಲಿ ಫೈಲ್ ಇಡುವುದು ರೂಢಿ.

ಆಮೇಲೆ, ಮುಂದಿನ ಕಮಿಟ್‌ಗೆ ಸೇರಿಸಲು, ‘ಗಿಟ್ ಆಡ್’, ಒಂದೊಂದೇ ಫೈಲ್ ಹೆಸರು ಬರೆದು. ಹೆಸರಿನ ಬದಲು ಚುಕ್ಕಿ ಹಾಕಿದರೆ ಫೋಲ್ಡರಿನಲ್ಲಿರುವುದೆಲ್ಲ ಒಟ್ಟಿಗೆ ಸೇರಿ ಬೇಗ ಮುಗಿಯುತ್ತದೆ, ಆದರೆ ಪಾಸ್‌ವರ್ಡ್ ಬರೆದಿಟ್ಟ ‘.ಎನ್ವ್’ ಫೈಲೂ ಅದೇ ಚುಕ್ಕಿಯ ಹಿಂದೆ ನುಸುಳಬಹುದು. ಪುಶ್ ಆದ (ಎಲ್ಲರೂ ಹಂಚಿಕೊಳ್ಳುವ ಸರ್ವರಿಗೆ ಕಳಿಸಿದ) ಮೇಲೆ ಅಳಿಸಿ ಕಮಿಟ್ ಮಾಡಿದರೂ ಹಳೆಯ ಕಮಿಟ್‌ನಲ್ಲಿ ಅದು ಇದ್ದೇ ಇರುತ್ತದೆ; ಪಾಸ್‌ವರ್ಡನ್ನೇ ಬದಲಿಸಬೇಕು. ಚುಕ್ಕಿ ಬೇಕೇ ಬೇಕೆಂದರೆ ‘ಗಿಟ್ ಆಡ್ -ಎನ್ .’ ಹೊಡೆದು ನೋಡಿ. ಏನೇನು ಸೇರುತ್ತದೆಂದು ಹೇಳುತ್ತದೆ, ಸೇರಿಸುವುದಿಲ್ಲ. 100 ಎಂಬಿ ದಾಟಿದ ಫೈಲನ್ನೂ ಇಲ್ಲೇ ತಡೆಯಬೇಕು. ಕಮಿಟ್‌ಗೆ ತಕರಾರಿರದು, ಕೋಡ್ ಇಡುವ ಜಾಲತಾಣ ಗಿಟ್‌ಹಬ್ ಪುಶ್ ಹೊತ್ತಿಗೆ ತಿರಸ್ಕರಿಸುತ್ತದೆ.

ಆಡ್ ಮಾಡಿದ ಗಳಿಗೆಯಲ್ಲಿ ಫೈಲ್ ಹೇಗಿತ್ತೋ ಹಾಗೆ ಒಳಗೆ ಹೋಗುತ್ತದೆ. ಆಮೇಲೆ ತಿದ್ದಿದ್ದು ಹೊರಗೇ. ಸ್ಟೇಟಸ್‌ನಲ್ಲಿ ‘ಎ’ ಪಕ್ಕ ‘ಎಂ’ ಕಂಡರೆ ಇದೇ ಅರ್ಥ: ಮತ್ತೊಮ್ಮೆ ಆಡ್ ಮಾಡಿ. ತಪ್ಪಾಗಿ ಸೇರಿಸಿದ್ದನ್ನು ಹೊರತೆಗೆಯಲು ‘ಗಿಟ್ ರಿಸ್ಟೋರ್ --ಸ್ಟೇಜ್ಡ್’ ಇದೆ. ಆದರೆ ಒಂದೂ ಕಮಿಟ್ ಇಲ್ಲದ ಹೊಸ ರೆಪೊದಲ್ಲಿ (ಗಿಟ್ ನೋಡಿಕೊಳ್ಳುವ ಫೋಲ್ಡರಿನಲ್ಲಿ) ಅದು ನಡೆಯದು, ಹಿಂದಿರುಗಲು ಹಳೆಯ ಸ್ಥಿತಿಯೇ ಇಲ್ಲವಲ್ಲ. ಅಲ್ಲಿ ‘ಗಿಟ್ ಆರ್‌ಎಂ --ಕ್ಯಾಶ್ಡ್’. ಈ --ಕ್ಯಾಶ್ಡ್ ಮರೆತರೆ ಇಲ್ಲಿ ಗಿಟ್ ತಡೆಯುತ್ತದೆ, ಆದರೆ ‘-ಎಫ್’ ಹಾಕಿ ಒತ್ತಾಯಿಸಿದರೆ ಡಿಸ್ಕಿನ ಫೈಲೇ ಅಳಿಸಿಹೋಗುತ್ತದೆ.

ಫೈಲ್ ಇದ್ದರೂ ಸ್ಟೇಟಸ್‌ನಲ್ಲಿ ಕಾಣದಿದ್ದರೆ, ಗಿಟ್ ಲೆಕ್ಕಿಸಬಾರದ ಫೈಲ್‌ಗಳ ಪಟ್ಟಿಯಾದ ‘.ಗಿಟ್‌ಇಗ್ನೋರ್’ ಮೇಲೆ ಅನುಮಾನ ಪಡಿ. ‘ಗಿಟ್ ಚೆಕ್-ಇಗ್ನೋರ್ -ವಿ’ ಕೊಟ್ಟು ಫೈಲ್ ಹೆಸರು ಬರೆದರೆ, ಯಾವ ಕಡತದ ಎಷ್ಟನೇ ಸಾಲು ಅದನ್ನು ಮುಚ್ಚಿದೆ ಎಂಬುದು ಸಿಗುತ್ತದೆ.

ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಇನ್ನೊಂದು ಮಾತು. ಸ್ಟೇಟಸ್‌ನಲ್ಲಿ ‘ಕ’ ಇರಬೇಕಾದಲ್ಲಿ \340\262\225 ಎಂದು ಬರುತ್ತದೆ. ಅಕ್ಷರಗಳನ್ನು ಸಂಖ್ಯೆಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ 3 ಬೈಟ್, ಬೈಟಿಗೊಂದು ಸಂಖ್ಯೆ. ‘ಕವನ’ ಎಂಬ ಪುಟ್ಟ ಹೆಸರಿಗೆ ಇಂಥ 9 ಸಂಖ್ಯೆಗಳ ಸರಮಾಲೆ. ಫೈಲ್ ಕೆಟ್ಟಿಲ್ಲ, ತೋರಿಸುವ ರೀತಿ ಅಷ್ಟೇ. ‘ಗಿಟ್ ಕಾನ್ಫಿಗ್ --ಗ್ಲೋಬಲ್ ಕೋರ್.ಕೋಟ್‌ಪಾತ್ ಫಾಲ್ಸ್’ ಎಂದು ಒಮ್ಮೆ ಹೇಳಿದರೆ ಹೆಸರು ಕನ್ನಡದಲ್ಲೇ ಕಾಣುತ್ತದೆ.

ಕಮಿಟ್‌ಗೆ ಮುಂಚೆ, ಆಡ್ ಆಗಿರುವುದನ್ನು ತೋರಿಸುವ ‘ಗಿಟ್ ಡಿಫ್ --ಸ್ಟೇಜ್ಡ್’ ಮೇಲೆ ಒಮ್ಮೆ ಕಣ್ಣಾಡಿಸುತ್ತೇನೆ. ಆದರೂ ಫೈಲೊಂದು ಬಿಟ್ಟುಹೋಗಿದ್ದರೆ ಅದನ್ನು ಆಡ್ ಮಾಡಿ ‘ಗಿಟ್ ಕಮಿಟ್ --ಅಮೆಂಡ್ --ನೋ-ಎಡಿಟ್’. ಹಿಂದಿನ ಸಂದೇಶದೊಂದಿಗೇ ಸೇರಿಕೊಳ್ಳುತ್ತದೆ. ಪುಶ್ ಆಗಿದ್ದರೆ ಮಾತ್ರ ಈ ದಾರಿ ಬೇಡ. ಕಮಿಟ್‌ನ ಗುರುತೇ ಬದಲಾಗಿ, ಅದನ್ನು ಪುಲ್ ಮಾಡಿಕೊಂಡವರ ರೆಪೊ ಜೊತೆ ತಾಳೆಯಾಗುವುದಿಲ್ಲ. ಇನ್ನೊಂದು ಚಿಕ್ಕ ಕಮಿಟ್ ಹಾಕಿ.